ನಾಲ್ಕು ಸಲ ಬಂದ ಹೆಂಗಸು

ವಿರ್ವೆ ಮೊದಲ ಸಲ ಫಿನ್ಲೆಂಡಿನ ಉತ್ತರ ತುದಿಯ ಕಾರ್ನಿವಾರಕ್ಕೆ ಬಂದದ್ದು ಸೆಪ್ಟೆಂಬರಿನಲ್ಲಿ. ಬರ್ಚ್ ಮರಗಳು ಹಳದಿಗೆ ತಿರುಗಿ, ಗುಡ್ಡದ ಮೇಲಿನ ಪೊದೆಗಳು ಕೆಂಪಾಗಿ, ಬೆಳಗಿನ ಹೊತ್ತು ನೀರಿನ ಗುಂಡಿಗಳ ಅಂಚು ಗಟ್ಟಿಯಾಗತೊಡಗಿದ್ದ ದಿನಗಳು ಅವು. ಆ ಎರಡು ವಾರ ಊರಿನ ಏಕೈಕ ಹೋಟೆಲು ತುಂಬಿರುತ್ತದೆ. ಆಮೇಲೆ ಹಿಮ ಬೀಳುವವರೆಗೆ ಅಲ್ಲಿ ದೀಪ ಹಚ್ಚುವವರೂ ಇರುವುದಿಲ್ಲ.

ಆಕೆಯ ಪತ್ರ ಬಂದಾಗ ಊರಿನ ಗೈಡ್ ಯಾರ್ಮೊಗೆ ವಿಶೇಷವೇನೂ ಅನಿಸಿರಲಿಲ್ಲ. ಅರವತ್ತೆಂಟು ವರ್ಷ, ಎಸ್ಟೋನಿಯದವಳು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸದಿಂದ ನಿವೃತ್ತಳಾದವಳು. ಒಂದೇ ವರ್ಷದಲ್ಲಿ ನಾಲ್ಕೂ ಕಾಲಕ್ಕೆ ಒಂದೊಂದು ಸಲ ಬರುತ್ತಾಳಂತೆ. ನಾಲ್ಕು ಸಲವೂ ಯಾರ್ಮೊನೇ ಜೊತೆಗಿರಬೇಕು, ಬೇರೆ ಪ್ರವಾಸಿಗಳನ್ನು ಸೇರಿಸಬಾರದು. ಹದಿನೇಳು ವರ್ಷದಿಂದ ಅವನು ಮಾಡುತ್ತಿದ್ದುದು ಇದೇ ಕೆಲಸ: ಶರತ್ಕಾಲದಲ್ಲಿ ಜನರನ್ನು ಗುಡ್ಡ ಹತ್ತಿಸುವುದು, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಸುತ್ತಿಸುವುದು, ವಸಂತದಲ್ಲಿ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಮೀನು ಹಿಡಿಸುವುದು, ಬೇಸಿಗೆಯಲ್ಲಿ ದೋಣಿ. ಆದರೆ ಹೀಗೆ ನಾಲ್ಕನ್ನೂ ಒಟ್ಟಿಗೆ ಕೇಳಿದವರು ಯಾರೂ ಇರಲಿಲ್ಲ.

"ನಿಂಗೂ ಒಬ್ಬಳು ಅಭಿಮಾನಿ ಸಿಕ್ಕಳಲ್ಲಪ್ಪ," ಎಂದು ಅವನ ಹೆಂಡತಿ ಐಲಾ ಛೇಡಿಸಿದಳು. "ಅದೂ ಅಜ್ಜಿ."

ಬಂದಾಕೆ ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಅವಳ ಫಿನ್ನಿಶ್ ಮಾತಿನಲ್ಲಿ ಎಸ್ಟೋನಿಯದ ಎಳೆತವಿತ್ತು, ಆದರೆ ತಪ್ಪಿರಲಿಲ್ಲ. ಕಾರಿನಲ್ಲಿ ಪಕ್ಕದಲ್ಲಿ ಕೂತು ಆಕೆ ಯಾರ್ಮೊನ ಮುಖವನ್ನು ನೋಡಲಿಲ್ಲ. ಸ್ಟೀರಿಂಗ್ ಹಿಡಿದ ಅವನ ಕೈಗಳನ್ನೇ ನೋಡುತ್ತಿದ್ದಳು. ಮಗು ಹುಟ್ಟಿದಾಗ ಬೆರಳು ಎಣಿಸುವವರು ಹಾಗೆ ನೋಡುತ್ತಾರೇನೋ ಎಂದು ಅವನಿಗೆ ಅನಿಸಿ, ಒಂದು ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

ಸುಕೆರೊ ಗುಡ್ಡದ ಅರ್ಧ ದಾರಿಯಲ್ಲಿ ಆಕೆ ಒಂದು ಬಂಡೆಯ ಮೇಲೆ ಕೂತುಬಿಟ್ಟಳು. ಕಾಲು ಉಳುಕಿತು ಎಂದಳು. ಬೂಟು ಬಿಚ್ಚಿಸಿ ನೋಡಿದರೆ ಊತವಿರಲಿಲ್ಲ. ಹೆಗಲು ಕೊಡುತ್ತೇನೆ, ನಿಧಾನಕ್ಕೆ ಇಳಿಯೋಣ ಎಂದು ಯಾರ್ಮೊ ಹೇಳಿದ. ಆಕೆ ಒಪ್ಪಲಿಲ್ಲ. ಕಾರಿನಲ್ಲಿ ಊರುಗೋಲಿದೆಯಲ್ಲ, ಅದನ್ನೂ ಪಟ್ಟಿಯನ್ನೂ ತೆಗೆದುಕೊಂಡು ಬಾ, ಅಲ್ಲಿಯವರೆಗೆ ಇಲ್ಲೇ ಕೂತಿರುತ್ತೇನೆ ಎಂದಳು.

"ಎಷ್ಟು ಹೊತ್ತು ಬೇಕು ನಿಂಗೆ?"

"ನಲವತ್ತು ನಿಮಿಷ. ಆದರೆ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋದು ನಮ್ಮಲ್ಲಿ ಇಲ್ಲ."

"ಇಲ್ವಾ?" ಎಂದು ಆಕೆ ಮೊದಲ ಬಾರಿ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ಪರವಾಗಿಲ್ಲ, ಹೋಗು. ನಲವತ್ತು ನಿಮಿಷ ಅಂದೆಯಲ್ಲ."

ಅವನು ಓಡಿದ. ಯಾಕೆ ಅಷ್ಟು ಜೋರಾಗಿ ಓಡುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಏದುಸಿರು ಬಿಡುತ್ತ ಮೇಲೆ ಬಂದಾಗ ಆಕೆ ಎದ್ದು ನಿಂತಿದ್ದಳು. ಎರಡೂ ಕಾಲಿನ ಮೇಲೆ ನೆಟ್ಟಗೆ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಕೈಗಡಿಯಾರ ನೋಡಿ, ಪೆನ್ಸಿಲಿನಲ್ಲಿ ಏನೋ ಬರೆದುಕೊಂಡಳು. "ಮೂವತ್ತಾರು," ಎಂದು ತನಗೇ ಹೇಳಿಕೊಂಡಳು. ನೋವು ಹೋಯಿತಂತೆ. ಅಲ್ಲಿಂದ ತುದಿಯವರೆಗೂ ಆಕೆ ಮುಂದೆ ಮುಂದೆ ನಡೆದಳು.

ಆ ಸಂಜೆ ಯಾರ್ಮೊ ಇದನ್ನು ಐಲಾಗೆ ತಮಾಷೆಯ ಹಾಗೆ ಹೇಳಹೋದ. ಅರ್ಧದಲ್ಲಿ ಅದು ತಮಾಷೆಯೆನಿಸದೆ ಮಾತು ಬದಲಿಸಿದ.

*

ಎರಡನೆಯ ಸಲ ಆಕೆ ಬಂದದ್ದು ಫೆಬ್ರವರಿಯ ಮೊದಲ ವಾರ. ಒಂದೂವರೆ ತಿಂಗಳು ಮುಖ ತೋರಿಸದ ಸೂರ್ಯ ಆಗ ತಾನೇ ಮರಳಿ, ಹಗಲು ನಾಲ್ಕೈದು ತಾಸಿನಷ್ಟು ಉದ್ದವಾಗಿತ್ತು. ಮೈನಸ್ ಇಪ್ಪತ್ತೆಂಟು. ಎರಡು ಸ್ನೋಮೊಬೈಲ್ ಸಿದ್ಧ ಮಾಡಿಕೊಂಡು ಯಾರ್ಮೊ ಅವಳನ್ನು ಪೂರ್ವದ ಕಾಡಿನ ಕಡೆ ಕರೆದುಕೊಂಡು ಹೋಗುವುದೆಂದು ಇಟ್ಟುಕೊಂಡಿದ್ದ. ಅಲ್ಲಿ ಹಿಮಸಾರಂಗಗಳು ಸಿಗುತ್ತಿದ್ದವು, ಪ್ರವಾಸಿಗಳಿಗೆ ಅದೇ ಬೇಕು. ಆಕೆ ನಕ್ಷೆಯನ್ನು ಬಿಚ್ಚಿ ಪೀರ್ತಿ ಸರೋವರದ ಆಚೆ ತುದಿಯ ಮೇಲೆ ಬೆರಳಿಟ್ಟಳು.

"ಇಲ್ಲಿಗೆ."

ಅಲ್ಲಿ ಮಂಜುಗಡ್ಡೆಯ ಮೇಲೆ ಹಿಮದ ಅಡಿಯಲ್ಲಿ ನೀರು ನಿಂತಿರುತ್ತದೆ, ಗಾಡಿ ಹೂತುಕೊಳ್ಳುತ್ತದೆ ಎಂದ ಯಾರ್ಮೊ. ಅದು ಸುಳ್ಳೇನಲ್ಲ, ಆದರೆ ಆ ವರ್ಷಕ್ಕೆ ನಿಜವೂ ಆಗಿರಲಿಲ್ಲ.

"ಆ ಕಡೆ ನೀನು ಯಾರನ್ನೂ ಕರ್ಕೊಂಡು ಹೋಗಲ್ವಂತೆ," ಎಂದಳು ಆಕೆ. "ಹೋಟೆಲಿನಲ್ಲಿ ಹೇಳಿದ್ರು. ಬೇರೆ ಕಂಪನಿಯವರೆಲ್ಲ ಹೋಗ್ತಾರಂತೆ, ನೀನೊಬ್ಬ ಸುತ್ತು ಹಾಕ್ತೀಯಂತೆ."

ಹೋಗದೆ ಇದ್ದರೆ ಆಕೆ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ ಎಂದು ಅವನಿಗೆ ಯಾಕೋ ಅನಿಸಿತು. ಹೋದರು.

ಸರೋವರ ಹಾಸಿದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಆಚೆ ತುದಿಯಲ್ಲಿ ನಾಲ್ಕು ಕುಬ್ಜ ಪೈನ್ ಮರಗಳಿರುವ ಒಂದು ನಡುಗಡ್ಡೆ. ಆಕೆ ಕೈಯೆತ್ತಿ ನಿಲ್ಲಿಸಿದಳು. ಎಂಜಿನ್ ಆರಿದ ಮೇಲೆ ಎಂಥ ಸದ್ದೂ ಇರಲಿಲ್ಲ. ಯಾರ್ಮೊ ಬೆನ್ನು ತಿರುಗಿಸಿ ಬೆಂಕಿಗೆ ಕಟ್ಟಿಗೆ ತೆಗೆಯುತ್ತಿದ್ದ, ಕಾಫಿ ಕಾಯಿಸಲೆಂದು. ತಿರುಗಿ ನೋಡಿದರೆ ಆಕೆ ಒಂದು ಪೈನಿನ ಬುಡಕ್ಕೆ ಒರಗಿ ಹಿಮದಲ್ಲಿ ಕೂತಿದ್ದಳು. ಕೈಗವಸು ಕಳಚಿಟ್ಟಿದ್ದಳು. ಟೋಪಿ ತೆಗೆದಿದ್ದಳು. ದಪ್ಪನೆಯ ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು, ಮನೆಗೆ ಬಂದು ಅಂಗಿ ಕಳಚುವವರ ಹಾಗೆ, ಯಾವ ಅವಸರವೂ ಇಲ್ಲದೆ.

ಯಾರ್ಮೊ ಓಡಿಹೋಗಿ ಅವಳ ಕೈಗಳನ್ನು ಹಿಡಿದುಕೊಂಡ. ಆಕೆ ಬಿಡಿಸಿಕೊಳ್ಳಲಿಲ್ಲ.

"ಚಳಿಗೆ ಸಾಯೋವಾಗ ಕೊನೆಗೆ ಸೆಖೆ ಆಗುತ್ತಂತೆ ಅಲ್ವಾ?" ಎಂದು ಕೇಳಿದಳು. "ಬಟ್ಟೆ ಬಿಚ್ಚಿ ಎಸೀತಾರಂತೆ. ಎಷ್ಟು ಹೊತ್ತಿಗೆ ಹಾಗಾಗುತ್ತೆ? ನಿಂಗೆ ಗೊತ್ತಿರಬೇಕು."

ಅವನು ಅವಳಿಗೆ ಟೋಪಿ ಹಾಕಿದ, ಗವಸು ಹಾಕಿದ, ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಕಾಫಿ ಕುಡಿಯದೆ ಊರಿಗೆ ಹೊರಟರು. ದಾರಿಯುದ್ದಕ್ಕೂ ಅವನು ಪ್ರತಿ ನಿಮಿಷ ಹಿಂದಿರುಗಿ ಆಕೆಯ ಗಾಡಿ ಬರುತ್ತಿದೆಯೇ ಎಂದು ನೋಡಿದ. ಬರುತ್ತಿತ್ತು. ಅದೇ ದೂರದಲ್ಲಿ, ಒಂದೇ ವೇಗದಲ್ಲಿ.

*

ಆ ನಡುಗಡ್ಡೆಯ ಕಥೆ ಕಾರ್ನಿವಾರದಲ್ಲಿ ಎಲ್ಲರಿಗೂ ಗೊತ್ತು. ಹದಿನೇಳು ವರ್ಷದ ಹಿಂದೆ, ಯಾರ್ಮೊಗೆ ಇಪ್ಪತ್ತೆರಡಾಗಿದ್ದಾಗ, ಅವನ ದೊಡ್ಡಪ್ಪ ಓಲವಿ ಪ್ರವಾಸದ ಈ ಕಂಪನಿಯನ್ನು ಶುರುಮಾಡಿದ ಮೊದಲ ಚಳಿಗಾಲ, ಎಸ್ಟೋನಿಯದ ರೈವೊ ಎಂಬ ಪ್ರವಾಸಿ ಅಲ್ಲಿ ಸತ್ತುಹೋಗಿದ್ದ. ಕಾಡಿನ ಗುಡಿಸಲಿನಲ್ಲಿ ತಂಗಿದ್ದ ಆ ಹುಡುಗ, ಬಿರುಗಾಳಿ ಏಳುತ್ತಿದೆ ಇಳಿಯೋಣ ಬಾ ಎಂದು ಯಾರ್ಮೊ ಕರೆದರೂ ಕೇಳದೆ, ನಾಳೆ ನಾನೇ ಬರುತ್ತೇನೆಂದು ಹಟಹಿಡಿದ. ಯಾರ್ಮೊ ವಿಧಿಯಿಲ್ಲದೆ ಮರಳಿದ. ಹುಡುಗ ಆಮೇಲೆ ಮನಸ್ಸು ಬದಲಿಸಿ ಒಬ್ಬನೇ ಹೊರಟು ದಾರಿಯಲ್ಲಿ ಸಿಕ್ಕಿಕೊಂಡ. ಮೂರನೆಯ ದಿನ ಪೈನಿನ ಬುಡದಲ್ಲಿ ಸಿಕ್ಕ, ಅಂಗಿಯಿಲ್ಲದೆ. ಇದು ಪೊಲೀಸರ ಕಾಗದದಲ್ಲಿದ್ದ ಕಥೆ. ಊರಿನವರು ಹೇಳುತ್ತಿದ್ದುದೂ ಇದನ್ನೇ. ಹೇಳುತ್ತಿದ್ದರು ಎನ್ನುವುದಕ್ಕಿಂತ, ಬೇರೆ ಏನನ್ನೂ ಹೇಳುತ್ತಿರಲಿಲ್ಲ.

ಏಪ್ರಿಲಿನಲ್ಲಿ ಆಕೆ ಮೂರನೆಯ ಸಲ ಬಂದಳು. ಹಿಮದ ಮೇಲ್ಪದರ ಬಿಸಿಲಿಗೆ ಕರಗಿ ಇರುಳಿಗೆ ಗಟ್ಟಿಯಾಗಿ, ಬೆಳಗ್ಗೆ ಸ್ಕೀ ಇಲ್ಲದವನೂ ಹೂತುಕೊಳ್ಳದೆ ಮೇಲೆ ನಡೆದುಹೋಗಬಹುದಾದಂಥ ದಿನಗಳು. ಊರಿನ ಅರ್ಧ ಜನ ಸರೋವರದ ಮೇಲೆ ಹಿಮಸಾರಂಗದ ಚರ್ಮ ಹಾಸಿಕೊಂಡು ತೂತಿನ ಮುಂದೆ ಬೋರಲಾಗಿ ಮಲಗಿ ಮೀನು ಹಿಡಿಯುವ ಕಾಲ. ಜನರಿದ್ದ ಕಡೆಯೇ ಯಾರ್ಮೊ ತೂತು ಕೊರೆದ. ಆಕೆ ಎದುರಾಡಲಿಲ್ಲ. ಸಣ್ಣ ಗಾಳಕ್ಕೆ ಹುಳು ಚುಚ್ಚಿ ಇಳಿಬಿಟ್ಟು, ಒಂದು ತಾಸಿನ ಮೇಲೆ, ನೀರನ್ನು ನೋಡುತ್ತಲೇ ಕೇಳಿದಳು:

"ಇಲ್ಲಿ ಯಾರೋ ಒಬ್ಬ ಹುಡುಗ ಸತ್ತಿದ್ದನಂತೆ. ಹೇಗೆ ಅಂತ ಹೇಳ್ತೀಯಾ?"

ಯಾರ್ಮೊ ಹೇಳಿದ. ಗುಡಿಸಲು, ಬಿರುಗಾಳಿ, ಹುಡುಗನ ಹಟ. ಎಷ್ಟೋ ಸಲ ಹೇಳಿದ್ದ ಕಥೆ, ನಾಲಗೆಗೆ ದಾರಿ ಗೊತ್ತಿತ್ತು. ಆಕೆ ಹೆರಿಗೆ ಕೋಣೆಯಲ್ಲಿ ಹೆಂಗಸಿನ ನರಳಾಟ ಕೇಳುತ್ತ, ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಎಂದು ಕಾಯುವವಳ ಹಾಗೆ ಕೂತಿದ್ದಳು. ಮುಗಿದ ಮೇಲೆ, "ಅವನು ತುಂಬ ಹಟಮಾರಿಯಾ?" ಎಂದು ಕೇಳಿದಳು.

"ಹೌದು. ಯಾರ ಮಾತೂ ಕೇಳ್ತಿರಲಿಲ್ಲ."

ಆಕೆ ತಲೆಯಾಡಿಸಿ ಪುಸ್ತಕ ತೆಗೆದಳು. ಈ ಸಲ ಬಹಳ ಹೊತ್ತು ಬರೆದಳು. ಪಕ್ಕದ ತೂತಿನಲ್ಲಿ ಅಂಗಡಿಯ ಹೆಲ್ಕಾ ಮಲಗಿದ್ದಳು. ಇವರ ಮಾತೆಲ್ಲ ಕೇಳುವಷ್ಟು ಹತ್ತಿರ. ಅವಳು ಗಾಳ ಸುತ್ತಿಕೊಂಡು, ಮೀನು ಸಿಗದಿದ್ದರೂ ಎದ್ದು ಮನೆಗೆ ಹೋದಳು.

ಮರುದಿನ ಯಾರ್ಮೊ ವೃದ್ಧಾಶ್ರಮಕ್ಕೆ ಹೋಗಿ ದೊಡ್ಡಪ್ಪನನ್ನು ಕಂಡ. ಓಲವಿಗೆ ಎಂಬತ್ತೊಂದು. ಕಾಲು ಬಿದ್ದುಹೋಗಿತ್ತು, ಬುದ್ಧಿಯಲ್ಲ. ಕಿಟಕಿಯ ಪಕ್ಕ ಕೂತು ಕಾಫಿಯಲ್ಲಿ ಚೀಸಿನ ತುಂಡು ನೆನೆಹಾಕಿ ಚಮಚದಲ್ಲಿ ತಿನ್ನುತ್ತಿದ್ದ. ಎಸ್ಟೋನಿಯದ ಒಬ್ಬಳು ಬಂದಿದ್ದಾಳೆ, ಕೇಳುತ್ತಿದ್ದಾಳೆ, ಬರೆದುಕೊಳ್ಳುತ್ತಿದ್ದಾಳೆ ಎಂದು ಯಾರ್ಮೊ ಹೇಳಿದ. ಮುದುಕ ಬಾಯಿ ಒರೆಸಿಕೊಂಡ.

"ಏನು ಹೇಳಿದೆ?"

"ಯಾವಾಗಲೂ ಹೇಳೋದನ್ನೇ."

"ಹಾಗೇ ಇರಲಿ. ಒಂದು ಮಾತು ಕೂಡಿಸಬೇಡ, ಒಂದು ಮಾತು ಬಿಡಬೇಡ. ಜಾಸ್ತಿ ಹೇಳಿದವನೇ ಸಿಕ್ಕಿಬೀಳೋದು."

"ದೊಡ್ಡಪ್ಪ, ಅವಳು ಅವನ ತಾಯಿ ಇರಬೇಕು. ಮನೆತನದ ಹೆಸರು ಬೇರೆ. ಆದರೂ."

ಓಲವಿ ಚಮಚವನ್ನು ಬಟ್ಟಲಿನಲ್ಲಿ ಆಡಿಸಿ ಉಳಿದ ಚೀಸನ್ನು ತಿಂದ. "ಇದ್ದರೆ ಇರಲಿ," ಎಂದ ಕಡೆಗೆ. "ಅವಳಿಗೂ ವಯಸ್ಸಾಯ್ತಲ್ಲ."

*

ಜುಲೈಯದು ಬೇಡವೆಂದು ಬರೆದುಬಿಡು ಎಂದಳು ಐಲಾ. ಕಾಯಿಲೆ ಎನ್ನು, ದೋಣಿ ಕೆಟ್ಟಿದೆ ಎನ್ನು. ಯಾರ್ಮೊ ಪತ್ರ ಬರೆಯಲು ಮೂರು ಸಲ ಕೂತ. ತಾನು ಬೇಡವೆಂದರೆ ಆಕೆ ಬರುವುದನ್ನು ನಿಲ್ಲಿಸುತ್ತಾಳೆಂದು ಅವನಿಗೆ ಅನಿಸಲಿಲ್ಲ. ಎಲ್ಲೋ ಕಾಣದ ಕಡೆ ಇರುವುದಕ್ಕಿಂತ ಕಣ್ಣೆದುರಿಗೆ ಇರುವುದೇ ಮೇಲು. ಹಾಗೆ ತನಗೆ ತಾನೇ ಹೇಳಿಕೊಂಡ.

ಸೂರ್ಯ ಮುಳುಗದ ದಿನಗಳು. ಗಾಳಿ ಇರಲಿಲ್ಲ, ನುಸಿ ಮುಖಕ್ಕೆ ಮುತ್ತುತ್ತಿತ್ತು. ಆಕೆ ಹೋಟೆಲಿನಿಂದ ಇಳಿದು ಬಂದು ದೋಣಿಯಲ್ಲಿ ಕೂತಳು. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಮೋಟಾರು ತಾನು ನಡೆಸುತ್ತೇನೆಂದಳು. ಹುಟ್ಟಿ ಬೆಳೆದದ್ದು ದ್ವೀಪದಲ್ಲಿ, ಅಪ್ಪ ಮೀನುಗಾರ, ನಡೆಯಲು ಕಲಿಯುವ ಮೊದಲೇ ದೋಣಿಯಲ್ಲಿ ಕೂತವಳಂತೆ. ನಿಜಕ್ಕೂ ಯಾರ್ಮೊನಿಗಿಂತ ಹದವಾಗಿ ನಡೆಸಿದಳು.

ನಡುಗಡ್ಡೆಗೆ ತಾಗಿದಾಗ ಅವನು ಇಳಿದು ದೋಣಿಯನ್ನು ಎಳೆಯಲು ಬಗ್ಗಿದ. ಆಕೆ ಇಳಿಯಲಿಲ್ಲ. ಒಂದು ಚಪ್ಪಟೆ ತಗಡಿನ ಡಬ್ಬಿಯನ್ನು ದಡದ ಕಲ್ಲಿನ ಮೇಲೆ ಇಟ್ಟು, ಹುಟ್ಟಿನಿಂದ ಬಂಡೆಯನ್ನು ಒತ್ತಿ ದೋಣಿಯನ್ನು ಹಿಂದಕ್ಕೆ ದೂಡಿಕೊಂಡಳು. ಅವನ ಚೀಲ, ಫೋನು, ಜಾಕೆಟ್ಟು ಎಲ್ಲ ದೋಣಿಯಲ್ಲೇ ಇದ್ದವು.

"ಒಂದು ಗಂಟೆಯಲ್ಲಿ ಬರ್ತೀನಿ," ಎಂದಳು.

ಮೋಟಾರಿನ ಸದ್ದು ದೂರವಾಯಿತು. ಯಾರ್ಮೊ ಮೊಣಕಾಲಿನ ತನಕ ನೀರಿನಲ್ಲಿ ನಿಂತು, ಕೂಗದೆ, ನೋಡುತ್ತಿದ್ದ. ಆ ನೀರು ಹಿಂದಿನ ತಿಂಗಳವರೆಗೆ ಮಂಜುಗಡ್ಡೆಯಾಗಿತ್ತು. ಹತ್ತಿರದ ದಡ ಎರಡು ಕಿಲೋಮೀಟರು, ಅವನಿಗೆ ಈಜು ಬರುತ್ತಿದ್ದುದು ಅಷ್ಟಕ್ಕಷ್ಟೆ. ಇನ್ನು ಮೂರು ದಿನ ಯಾವ ದೋಣಿಯೂ ಈ ಕಡೆ ಬರುವುದಿಲ್ಲ. ಅವನೇ ಊರಿನವರಿಗೆಲ್ಲ ಹೇಳಿದ್ದ, ಈ ಅತಿಥಿಗೆ ಯಾರೂ ಎದುರಾಗುವುದು ಇಷ್ಟವಿಲ್ಲವೆಂದು.

ಡಬ್ಬಿ ತೆಗೆದ. ಒಳಗೆ ಚಾಕೊಲೇಟು ಸುತ್ತಿ ಬರುವ ಕಾಗದ, ನಾಲ್ಕಾಗಿ ಮಡಚಿದ್ದು. ಒಳಮೈಯ ಮೇಲೆ ಪೆನ್ಸಿಲಿನ ಅಕ್ಷರ. ಮೊದಲ ಸಾಲು ಚೆನ್ನಾಗಿತ್ತು, ಕೆಳಕೆಳಗೆ ಬರುತ್ತ ಅಕ್ಷರಗಳು ದೊಡ್ಡದಾಗಿ ಒಂದರ ಮೇಲೊಂದು ಬಿದ್ದಿದ್ದವು. ಎಸ್ಟೋನಿಯದ ಭಾಷೆ ತನ್ನ ಭಾಷೆಯ ದಾಯಾದಿ, ಓದಿದರೆ ಅರ್ಥವಾಗುತ್ತಿತ್ತು.

ಎರಡೂ ಇಪ್ಪತ್ತು. ಗಾಡಿ ಕೆಟ್ಟಿತು. ಯಾರ್ಮೊ ಒಬ್ಬರೇ ಕೂರೋ ತನ್ನ ಗಾಡಿಯಲ್ಲಿ ಹೋದ, ಇಲ್ಲೇ ಇರು, ಒಂದು ಗಂಟೆಯಲ್ಲಿ ಬರ್ತೀನಿ ಅಂದ.

ಮೂರೂ ಇಪ್ಪತ್ತು. ಗಾಳಿ ಜೋರಾಗಿದೆ.

ನಾಲ್ಕು. ಕತ್ತಲಾಯಿತು. ನಾನು ಮರದ ಹತ್ತಿರ ಇದ್ದೇನೆ, ಅವನಿಗೆ ಕಾಣಲಿ ಅಂತ.

ಐದೂ ಹತ್ತು. ಸದ್ದು ಕೇಳಿಸಿತು. ಅಲ್ಲ, ಗಾಳಿ.

ಆರೂ ಕಾಲು. ಬರ್ತಾನೆ.

ಅಲ್ಲಿಗೆ ಮುಗಿದಿತ್ತು.

ಯಾರ್ಮೊ ಪೈನಿನ ಬುಡಕ್ಕೆ ಹೋಗಿ ಕೂತ. ಬೇರೆ ಕಡೆ ಕೂರಲು ಜಾಗವೂ ಇರಲಿಲ್ಲ. ಆ ದಿನ ಬಿರುಗಾಳಿಯಲ್ಲಿ ದಾರಿ ತಡವಾಗಿ, ನಾಲ್ಕು ಹತ್ತಕ್ಕೆ ಅವನು ಊರು ಮುಟ್ಟಿದ್ದ. ದೊಡ್ಡಪ್ಪನ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಕೈಬೆರಳು ಸೆಟೆದುಹೋಗಿದ್ದವು. ಇಬ್ಬರು ಗೈಡುಗಳು ಹೋಗಬೇಕಾದ ಕಡೆ ಒಬ್ಬನೇ ಹೋಗಿದ್ದ, ರೇಡಿಯೊ ಒಯ್ದಿರಲಿಲ್ಲ, ಕೆಟ್ಟುನಿಂತ ಗಾಡಿ ಸರಿಯಿಲ್ಲವೆಂದು ಹೊರಡುವ ಮೊದಲೇ ಗೊತ್ತಿತ್ತು. ರಕ್ಷಣಾದಳವನ್ನು ಕರೆದರೆ ಕಂಪನಿ ಮೊದಲ ವರ್ಷವೇ ಮುಚ್ಚಬೇಕು. ಓಲವಿ ಅವನಿಗೆ ಬಿಸಿ ಬಿಸಿಯಾಗಿ ಏನೋ ಕುಡಿಸಿ, ಗಾಳಿ ತಗ್ಗಲಿ, ಇಬ್ಬರೂ ಹೋಗೋಣ, ಆ ಹುಡುಗ ಗಟ್ಟಿಗ, ಬೆಂಕಿ ಹಾಕಿಕೊಂಡಿರುತ್ತಾನೆ ಎಂದಿದ್ದ. ಇಷ್ಟನ್ನು ಓಲವಿಯೂ ಬಲ್ಲ. ಯಾರಿಗೂ, ಐಲಾಗೂ ಯಾರ್ಮೊ ಹೇಳದೆ ಇದ್ದುದು ಇನ್ನೊಂದಿತ್ತು. ಒಲೆಯ ಪಕ್ಕದ ಬೆಂಚಿನ ಮೇಲೆ ಅವನು ನಿದ್ದೆಹೋಗಿದ್ದ. ಚೆನ್ನಾಗಿ ನಿದ್ದೆ ಬಂದಿತ್ತು. ಎಚ್ಚರವಾದಾಗ ಹನ್ನೊಂದು ಗಂಟೆ, ಗಾಳಿ ಮೊದಲಿಗಿಂತ ಜೋರಾಗಿತ್ತು, ಮತ್ತು ಆ ಗಾಳಿಯ ಸದ್ದು ಕೇಳಿ ಅವನಿಗೆ ಮೊದಲು ಆದದ್ದು ಸಮಾಧಾನ. ಇನ್ನು ಹೋಗಲು ಸಾಧ್ಯವಿಲ್ಲವೆಂಬ ಸಮಾಧಾನ.

ನುಸಿ ಕಿವಿಯೊಳಗೆ, ಕಣ್ಣಿನ ಕೊನೆಯಲ್ಲಿ ಕೂತಿತು. ಅವನು ಓಡಿಸಲಿಲ್ಲ. ನೀರಿನ ಮೇಲೆ ದೂರದಲ್ಲಿ ದೋಣಿ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಮೋಟಾರಿನ ಸದ್ದು ನಿಂತಿತ್ತು. ದೋಣಿ ಊರಿಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಸರೋವರದ ನಡುವೆ ಸುಮ್ಮನೆ ನಿಂತಿತು.

ಎಷ್ಟು ಹೊತ್ತೋ. ಅವನ ಬಳಿ ಗಡಿಯಾರವೂ ಇರಲಿಲ್ಲ. ಬರುವುದಿಲ್ಲ ಎಂದು ತೀರ್ಮಾನಿಸಿದ. ಆಮೇಲೆ ಬರುತ್ತಾಳೆ ಎಂದುಕೊಂಡ. ಮತ್ತೆ ಬರುವುದಿಲ್ಲ. ಪಡುವಣದ ಕಡೆಯಿಂದ ನೀರಿನ ಮೈ ಮಸುಕಾಗತೊಡಗಿದಾಗ, ಗಾಳಿ ಏಳುವ ಸೂಚನೆ ಅದು, ಎದ್ದು ದಡದವರೆಗೆ ಹೋಗಿ, ಕೂಗಲೆಂದು ಕೈಗಳನ್ನು ಬಾಯಿಗೆ ಹಿಡಿದ.

ಮೋಟಾರು ಶುರುವಾಯಿತು.

ಆಕೆ ದೋಣಿಯನ್ನು ಬಂಡೆಗೆ ತಾಗಿಸಿ ಕೈಗಡಿಯಾರ ನೋಡಿದಳು. "ಐವತ್ತೊಂಬತ್ತು ನಿಮಿಷ."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಆ ಕಾಗದ ಮಗನ ಗವಸಿನ ಒಳ ಅಸ್ತರಿನಲ್ಲಿತ್ತು ಎಂದು ಆಕೆ ಹೇಳಿದಳು. ಪೊಲೀಸರು ಕಳಿಸಿದ್ದ ಅವನ ಬಟ್ಟೆಗಳ ಚೀಲವನ್ನು ಹದಿನಾರು ವರ್ಷ ಬಿಚ್ಚಿರಲಿಲ್ಲ. ಮನೆ ಬದಲಿಸುವಾಗ ಬಿಚ್ಚಿದಳು.

"ನಾನು ಮಲಗಿಬಿಟ್ಟಿದ್ದೆ," ಎಂದ ಯಾರ್ಮೊ. "ನಿದ್ದೆ ಬಂದುಬಿಡ್ತು ನಂಗೆ."

ಆಕೆಯ ಮುಖದಲ್ಲಿ ಏನೋ ಕದಲಿತು. ಅಳುವಲ್ಲ. ಅಷ್ಟು ದಿನದಿಂದ ಎಲ್ಲೆಲ್ಲಿಯೋ ಹುಡುಕುತ್ತಿದ್ದ ಒಂದು ವಸ್ತು ಇಷ್ಟು ಸಣ್ಣದೇ ಎಂದು ನೋಡುವವರ ಮುಖ ಅದು.

"ತಿರುಗಿ ಬರಬಾರದು ಅಂತಲೇ ನಿನ್ನನ್ನ ಬಿಟ್ಟು ಹೋಗಿದ್ದೆ," ಎಂದಳು. "ಅದಕ್ಕೇ ನಾಲ್ಕು ಸಲ ಬಂದದ್ದು. ನೀನು ಎಂಥವನು ಅಂತ ನೋಡಿಕೊಂಡು ಹೋಗೋಣ ಅಂತ. ನೀನು ಬೇಗ ಬೇಗ ಓಡಿ ಬಂದೆ, ನಂಗೆ ಗುಂಡಿ ಹಾಕಿದೆ, ಆಮೇಲೆ ಬಾಯಿ ತೆಗೆದು ನನ್ನ ಮಗ ಹಟಮಾರಿ ಅಂದೆ. ಅವನು ಎಂಥ ಮಾತು ಕೇಳೋ ಹುಡುಗ ಗೊತ್ತಾ ನಿಂಗೆ? ನೀನು ಅಲ್ಲೇ ಇರು ಅಂದಿದ್ದೆ, ಅದಕ್ಕೇ ಅಲ್ಲೇ ಇದ್ದ."

"ಮತ್ತೆ ಯಾಕೆ ಬಂದಿರಿ?"

ಆಕೆ ನೀರಿನ ಕಡೆ ನೋಡಿದಳು. "ಗೊತ್ತಿಲ್ಲ. ನಿನ್ನ ಮೇಲೆ ಕನಿಕರದಿಂದ ಅಲ್ಲ." ದೋಣಿಯ ಅಂಚನ್ನು ತಟ್ಟಿದಳು. "ದೋಣಿ ಹತ್ತು. ಗಾಳಿ ಬರ್ತಿದೆ."

ಊರಿನ ದಡದಲ್ಲಿ ಇಳಿದ ಮೇಲೆ ಆಕೆ ಏನನ್ನೂ ಕೇಳಲಿಲ್ಲ. ಪೊಲೀಸರಿಗೆ ಹೇಳು ಎನ್ನಲಿಲ್ಲ, ಹೇಳುತ್ತೇನೆಂದು ಹೆದರಿಸಲೂ ಇಲ್ಲ. ಮರುದಿನದ ಬಸ್ಸು ಹತ್ತಿ ಹೊರಟುಹೋದಳು.

*

ಐಲಾ ಅಡುಗೆಮನೆಯಲ್ಲಿ ಮೀನಿನ ಸಾರಿಗೆ ಆಲೂಗೆಡ್ಡೆ ಹೆಚ್ಚುತ್ತಿದ್ದಳು. ಯಾರ್ಮೊ ನಿಂತೇ ಎಲ್ಲವನ್ನೂ ಹೇಳಿದ, ನಿದ್ದೆಯವರೆಗೆ. ಅವಳ ಚಾಕು ನಿಲ್ಲಲಿಲ್ಲ.

"ನಿದ್ದೆ ಬಂದಿದ್ದು ಗೊತ್ತಿರಲಿಲ್ಲ," ಎಂದಳು ಕಡೆಗೆ. "ಉಳಿದದ್ದು ಗೊತ್ತಿತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಆವತ್ತು ಸಾಯಂಕಾಲ ನಿಮ್ಮ ದೊಡ್ಡಪ್ಪನ ಅಂಗಳದಲ್ಲಿ ನಿನ್ನ ಗಾಡಿ ನಿಂತಿದ್ದನ್ನ ನಾನೇ ನೋಡಿದ್ದೆ. ನಮ್ಮಪ್ಪನೂ ನೋಡಿದ್ರು. ಎಂಜಿನ್ನಿನ ಸದ್ದು ಇಡೀ ಬೀದಿಗೆ ಕೇಳಿಸಿತ್ತು. ಒಂದೇ ಗಾಡಿ ಬಂತಲ್ಲ, ಇನ್ನೊಂದು ಎಲ್ಲಿ ಅಂತ ನಾವು ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು. ಅಮ್ಮ ಸುಮ್ಮನೆ ಉಣ್ಣಿ ಅಂದ್ರು."

ಅವಳನ್ನು ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಯಾರ್ಮೊ ಕುರ್ಚಿ ಎಳೆದು ಕೂತ. ಕಿಟಕಿಯಾಚೆ ಬೀದಿಯ ಎರಡೂ ಬದಿಯ ಮನೆಗಳು ಹಗಲಿನಂಥ ಸಂಜೆಯ ಬೆಳಕಿನಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದವು. ಒಂದೊಂದು ಮನೆಯ ಕಿಟಕಿಯಿಂದ ಓಲವಿಯ ಅಂಗಳ ಎಷ್ಟೆಷ್ಟು ಕಾಣುತ್ತದೆಂದು ಅವನು ಮೊದಲ ಬಾರಿಗೆ ಲೆಕ್ಕಹಾಕಿದ. ಎಲ್ಲ ಮನೆಗಳಿಂದಲೂ ಕಾಣುತ್ತಿತ್ತು. ಹದಿನೇಳು ವರ್ಷ ತಾನು ಊರಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದನ್ನು, ಊರೇ ಅವನನ್ನೂ ಒಳಗಿಟ್ಟುಕೊಂಡು ಮುಚ್ಚಿಟ್ಟಿತ್ತು. ಆ ಸಂಜೆ ಹುಡುಗ ಇನ್ನೂ ಬದುಕಿದ್ದ. ಅವರು ಊಟ ಮಾಡುತ್ತಿದ್ದಾಗ ಅವನು ಮರದ ಹತ್ತಿರ ನಿಂತಿದ್ದ, ಕಾಣಲೆಂದು.

"ನೀನು ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ನೀನು ಯಾಕೆ ಹೇಳಲಿಲ್ಲ?" ಎಂದಳು ಐಲಾ, ಅದೇ ಸ್ವರದಲ್ಲಿ.

ಆಗಸ್ಟಿನ ಮೊದಲ ಸೋಮವಾರ ಅವನು ಮುನ್ನೂರು ಕಿಲೋಮೀಟರು ಕಾರು ನಡೆಸಿಕೊಂಡು ಹೋಗಿ ಜಿಲ್ಲಾ ಪಟ್ಟಣದ ಠಾಣೆಯಲ್ಲಿ ಹೇಳಿಕೆ ಕೊಟ್ಟ. ಬರೆದುಕೊಂಡ ಹೆಂಗಸು ಅವನಿಗಿಂತ ಚಿಕ್ಕವಳು. ಇಷ್ಟು ವರ್ಷದ ಮೇಲೆ ಶಿಕ್ಷೆಯೇನೂ ಆಗಲಾರದು, ಕಾಲ ಮೀರಿದೆ, ಆದರೂ ಬರೆದು ತಾಯಿಗೆ ಕಳಿಸುತ್ತೇವೆ ಎಂದಳು. ಶಿಕ್ಷೆ ಇಲ್ಲವೆಂದು ಕೇಳಿದಾಗ ಆ ಹಳೆಯ ಸಮಾಧಾನವೇ ಮತ್ತೊಮ್ಮೆ ಬಂದುಬಿಡುತ್ತದೋ ಎಂದು ಅವನು ಭಯಪಟ್ಟ. ಬರಲಿಲ್ಲ. ಪತ್ರಿಕೆಯಲ್ಲಿ ಎರಡು ಅಂಕಣ ಬಂತು. ಓಲವಿ ಅವನನ್ನು ಕೋಣೆಯೊಳಗೆ ಬಿಡಬೇಡಿ ಎಂದು ದಾದಿಯರಿಗೆ ಹೇಳಿ, ಅಕ್ಟೋಬರಿನಲ್ಲಿ ಸತ್ತ. ಯಾರ್ಮೊ ಅಂತ್ಯಕ್ರಿಯೆಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಊರಿನವರು ಅವನ ಮೇಲೆ ಕೂಗಾಡಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಹಿಮ ಈ ವರ್ಷ ತಡವಾಯಿತು ಎನ್ನುತ್ತಿದ್ದರು, ಅವನೂ ತಡವಾಯಿತು ಎನ್ನುತ್ತಿದ್ದ. ಆದರೆ ಅವನ ದೋಣಿಯ ಹಗ್ಗ ಎರಡು ಸಲ ಬಿಚ್ಚಿಹೋಗಿತ್ತು. ಅವನ ಗಂಟು ಬಿಚ್ಚಿಹೋಗುವಂಥದ್ದಲ್ಲ. ನವೆಂಬರಿನಲ್ಲಿ ಗಾಡಿಯ ಟ್ಯಾಂಕಿಗೆ ಯಾರೋ ನೀರು ಸುರಿದಿದ್ದರು. ಹೋಟೆಲಿನವರು ಅವನ ಹೆಸರಿದ್ದ ಕಾಗದಗಳನ್ನು ಮೇಜಿನಿಂದ ತೆಗೆದರು. ಇದೆಲ್ಲ ಅವನ ತಪ್ಪಿಗಾಗಿ ಅಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಾಯಿಬಿಟ್ಟು ಅವರನ್ನೆಲ್ಲ ಆ ಊಟದ ಮೇಜಿಗೆ ಮರಳಿ ಕೂರಿಸಿಬಿಟ್ಟಿದ್ದ.

ಒಬ್ಬಳು ಮಾತ್ರ ಬಂದಳು. ಸೂರ್ಯ ಕೊನೆಯ ಸಲ ಕಾಣಿಸಿಕೊಂಡ ವಾರ, ಮಧ್ಯಾಹ್ನದ ನೀಲಿ ಮಬ್ಬಿನಲ್ಲಿ, ಅಂಗಡಿಯ ಹೆಲ್ಕಾ ಬಾಗಿಲು ತಟ್ಟಿ ಒಳಗೆ ಬಂದು, ಕೋಟು ಬಿಚ್ಚದೆ ಕೂತಳು. ಬಿರುಗಾಳಿಯ ಆ ಸಂಜೆ ನಾಲ್ಕೂವರೆಗೆ ಓಲವಿ ಅಂಗಡಿಗೆ ಬಂದು ಹೊಗೆಸೊಪ್ಪು ಕೊಂಡಿದ್ದ ಎಂದಳು. ಹುಡುಗರು ಬಂದರಾ ಎಂದು ಅವಳು ಕೇಳಿದ್ದಳು. ಒಬ್ಬ ಬಂದ, ಎಂದಿದ್ದನಂತೆ ಓಲವಿ. ಫೋನು ಅವಳ ಕೈಗೆಟುಕುವಷ್ಟು ದೂರದಲ್ಲಿ ಗೋಡೆಯ ಮೇಲಿತ್ತು.

"ಆ ತಾಯಿಯ ವಿಳಾಸ ಇದೆಯಾ ನಿನ್ನ ಹತ್ತಿರ?" ಎಂದು ಕೇಳಿದಳು. "ನಾನೂ ಬರೀಬೇಕು."

ಯಾರ್ಮೊ ವಿಳಾಸ ಬರೆದುಕೊಟ್ಟ. ಐಲಾ ಮೂರು ಬಟ್ಟಲು ತೆಗೆದು ಕಾಫಿ ಬಗ್ಗಿಸಿದಳು. ಹೆಲ್ಕಾ ಕುಡಿದು ಮುಗಿಸಿ, ಎದ್ದು, ಬಂದ ದಾರಿ ಬಿಟ್ಟು ಮನೆಗಳ ಹಿಂದಿನ ಕಾಲುದಾರಿಯಲ್ಲಿ ಹೋದಳು.